ಹಾಡೋ ಬಾಯಿ, ಊದೋ ಬಾಯಿ, ಡೈಲಾಗ್ ಹೇಳೋ ಬಾಯಿ: ಕಲಾವಿದರ ಹಲ್ಲಿನ ಲೆಕ್ಕವೇ ಬೇರೆ

ಹಲ್ಲಿನ ಡಾಕ್ಟರ್ ಹತ್ತಿರ ಹೋದರೆ ಮೊದಲು ಒಂದು ಫಾರಂ ಕೊಡುತ್ತಾರೆ. ಶುಗರ್ ಇದೆಯಾ, ಬಿಪಿ ಇದೆಯಾ, ಯಾವ ಮಾತ್ರೆ ಒಗ್ಗುವುದಿಲ್ಲ, ಎಲ್ಲ ಕೇಳಿರುತ್ತಾರೆ. ಉದ್ಯೋಗ ಅಂತ ಒಂದು ಗೆರೆಯೂ ಇರುತ್ತದೆ. ಅದನ್ನು ಬರೆಯುವವರೂ ಸುಮ್ನೆ ಬರೆಯುತ್ತಾರೆ, ನೋಡುವವರೂ ಸುಮ್ನೆ ನೋಡುತ್ತಾರೆ. ಬ್ಯಾಂಕಿನ ಕ್ಯಾಷಿಯರ್‌ಗೂ ಅದೇ ಕ್ಯಾಪು, ಅಂಗಡಿ ಯಜಮಾನರಿಗೂ ಅದೇ ಕ್ಯಾಪು. ಅಗಿಯೋಕೆ ಬರಬೇಕು, ನಕ್ಕರೆ ಚೆನ್ನಾಗಿ ಕಾಣಬೇಕು, ಅಷ್ಟೇ ಅಲ್ವಾ?

ಬಾಯಿಂದಲೇ ಕೆಲಸ ಮಾಡುವವರಿಗೆ ಅಷ್ಟು ಸಾಲುವುದಿಲ್ಲ. ನಮ್ಮ ಮೈಸೂರಿನಲ್ಲಿ ಅಂಥವರು ಜಾಸ್ತಿ. ರಂಗಾಯಣದ ನಟರು, ವಾರವೆಲ್ಲ ಆಫೀಸು ಮಾಡಿ ಶನಿವಾರ ಭಾನುವಾರ ಬಣ್ಣ ಹಚ್ಚುವ ಹವ್ಯಾಸಿಗಳು, ಗಂಗೂಬಾಯಿ ಹಾನಗಲ್ ವಿಶ್ವವಿದ್ಯಾಲಯದಲ್ಲಿ ಸಂಗೀತ ಓದುವ ಹುಡುಗ ಹುಡುಗಿಯರು, ದಸರಾ ಮೆರವಣಿಗೆಯಲ್ಲಿ ಊದುವ ಪೊಲೀಸ್ ಬ್ಯಾಂಡಿನವರು, ಮದುವೆ ಛತ್ರಗಳ ಓಲಗದವರು, ಆಕಾಶವಾಣಿಯಲ್ಲಿ ಮಾತಾಡುವವರು. ಮಂಡ್ಯ ಕಡೆ ಹೋದರೆ ಊರೂರಿಗೂ ಪೌರಾಣಿಕ ನಾಟಕ. ಹಗಲು ಗದ್ದೆಯಲ್ಲಿ ಇದ್ದವರು ರಾತ್ರಿ ದುರ್ಯೋಧನ ಆಗಿ ಬೆಳಗಿನ ತನಕ ಕಂದಪದ್ಯ ಹಾಡುತ್ತಾರೆ. ಇವರೆಲ್ಲರ ವಾದ್ಯ ಬಾಯಿಯೊಳಗೇ ಇದೆ. ಆ ವಾದ್ಯಕ್ಕೆ ಡಾಕ್ಟರ್ ಕೈ ಹಾಕುವ ಮುಂಚೆ, ಇದರಿಂದ ನಾನು ಏನು ನುಡಿಸುತ್ತೇನೆ ಅಂತ ಹೇಳಲೇಬೇಕು. ಈ ಲೇಖನದಲ್ಲಿ ನಾನು ಹೇಳಲು ಹೊರಟಿರುವುದು ಇಷ್ಟನ್ನೇ, ಆದರೆ ಯಾಕೆ ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗುತ್ತದೆ.

‘ಕಲಾವಿದರ ಹಲ್ಲಿನ ಡಾಕ್ಟರ್’ ಅಂತ ಬೋರ್ಡ್ ಹುಡುಕಿಕೊಂಡು ಹೋದರೆ ಸಿಗುವುದಿಲ್ಲ. ನಮ್ಮ ದೇಶದಲ್ಲಿ ಹಲ್ಲಿನ ಓದಿನಲ್ಲಿ ಎಂಡಿಎಸ್‌ಗೆ, ಅಂದರೆ ಸ್ನಾತಕೋತ್ತರ ಪದವಿಗೆ, 9 ವಿಭಾಗಗಳಿವೆ. ಹಲ್ಲು ಕಟ್ಟುವುದು, ಕ್ಲಿಪ್ ಹಾಕಿ ಸಾಲು ಸರಿ ಮಾಡುವುದು, ವಸಡು, ರೂಟ್ ಕೆನಾಲ್, ಬಾಯಿಯ ಆಪರೇಷನ್, ಮಕ್ಕಳ ಹಲ್ಲು, ಹೀಗೆ. ಕಲಾವಿದರಿಗೆ ಅಂತ ಬೇರೆ ವಿಭಾಗ ಇಲ್ಲ. ಹೊರದೇಶಗಳಲ್ಲಿ ಪ್ರದರ್ಶಕ ಕಲಾವಿದರ ವೈದ್ಯಕೀಯ ಅಂತ ಒಂದು ಕ್ಷೇತ್ರ ಬೆಳೆದಿದೆ, ಅದರಲ್ಲಿ ಹಲ್ಲಿನವರೂ ಇದ್ದಾರೆ. ಇಲ್ಲಿ ಆ ಕೆಲಸವನ್ನು ಹಲ್ಲು ಕಟ್ಟುವವರು, ಕ್ಲಿಪ್ ಹಾಕುವವರು, ವಸಡಿನವರು ಹಂಚಿಕೊಂಡು ಮಾಡಬೇಕು. ಅವರಿಗೆ ವಿದ್ಯೆ ಇದೆ. ನಿಮ್ಮ ಕೆಲಸ ಏನು ಅನ್ನೋ ಮಾಹಿತಿ ಮಾತ್ರ ಇರುವುದಿಲ್ಲ, ಅದನ್ನು ನೀವೇ ಕೊಡಬೇಕು.

ಅಕ್ಷರ ಹುಟ್ಟೋ ಜಾಗ

ಒಮ್ಮೆ ನಿಧಾನವಾಗಿ ‘ತ’ ಅನ್ನಿ. ನಾಲಿಗೆ ತುದಿ ಮೇಲಿನ ಹಲ್ಲಿನ ಹಿಂಬದಿಗೆ ಹೋಗಿ ತಾಗುತ್ತದೆ. ಥ, ದ, ಧ ಕೂಡ ಅಲ್ಲೇ. ಈಗ ‘ಕಾಫಿ’ ಅನ್ನಿ. ಕೆಳದುಟಿ ಮೇಲಿನ ಬಾಚಿಹಲ್ಲಿನ ಅಂಚಿಗೆ ಬಂದು ನಿಂತು, ಆ ಸಂದಿನಲ್ಲಿ ಗಾಳಿ ಉಜ್ಜಿಕೊಂಡು ಹೋಗುತ್ತದೆ. ‘ವ’ಗೂ ತುಟಿ ಹಲ್ಲಿನ ಹತ್ತಿರಕ್ಕೇ ಬರುತ್ತದೆ, ಆದರೆ ಸ್ವಲ್ಪ ಸಡಿಲವಾಗಿ. ಪ, ಬ, ಮ ಹೇಳಲು ಎರಡೂ ತುಟಿ ಸೇರಬೇಕು. ಟ, ಡ, ಣ, ಳ ಹೇಳುವಾಗ ನಾಲಿಗೆ ಹಿಂದಕ್ಕೆ ಮಡಚಿಕೊಂಡು ಅಂಗುಳಕ್ಕೆ ತಾಗುತ್ತದೆ.

ಎಲ್ಲಕ್ಕಿಂತ ನಾಜೂಕು ‘ಸ’. ನಾಲಿಗೆ ನಡುವೆ ಒಂದು ಸಣ್ಣ ಕಾಲುವೆ ಮಾಡಿಕೊಳ್ಳುತ್ತದೆ, ಅದರಲ್ಲಿ ಬಂದ ಗಾಳಿ ಮುಂದಿನ ಹಲ್ಲಿನ ಅಂಚಿಗೆ ಹೊಡೆದು ಸದ್ದಾಗುತ್ತದೆ. ಆಗ ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳು ಒಂದಕ್ಕೊಂದು ತಾಗದೆ, ಸುಮಾರು 1 ಮಿಲಿಮೀಟರ್ ದೂರದಲ್ಲಿ ನಿಲ್ಲುತ್ತವೆ. ಮಾತಾಡುವಾಗ ಹಲ್ಲುಗಳು ಇಷ್ಟು ಹತ್ತಿರ ಬರುವುದು ಸಾಮಾನ್ಯವಾಗಿ ಈ ಒಂದು ಗುಂಪಿನ ಅಕ್ಷರಗಳಿಗೇ. ಅದಕ್ಕೇ ಹಲ್ಲು ಕಟ್ಟುವ ಡಾಕ್ಟರುಗಳು ಎತ್ತರ ಸರಿ ಬಂದಿದೆಯಾ ಅಂತ ನೋಡಲು ‘ಸ’ ಹೇಳಿಸುತ್ತಾರೆ. ಈ ಜಾಗದಲ್ಲಿ ಅರ್ಧ ಮಿಲಿಮೀಟರ್ ಕೂಡಿಸಿದರೂ ಕಳೆದರೂ ನಾಲಿಗೆಗೆ ಗೊತ್ತಾಗುತ್ತದೆ.

ಈಗ ಇದರ ಮೇಲೆ ಹಲ್ಲಿನ ಸೆಟ್ಟು ಕೂರಿಸಿ ನೋಡಿ. ಮಾಮೂಲಿ ಪ್ಲಾಸ್ಟಿಕ್ ಸೆಟ್ಟಿನ ಅಂಗುಳದ ತಟ್ಟೆ 2 ಮಿಲಿಮೀಟರ್ ಅಥವಾ ಇನ್ನೂ ಸ್ವಲ್ಪ ದಪ್ಪ ಇರುತ್ತದೆ. ಮುಂದಿನ ಹಲ್ಲಿನ ಹಿಂದೆ ಆ ದಪ್ಪ ಜಾಸ್ತಿಯಾದರೆ ‘ಸ’ ತೊದಲುತ್ತದೆ, ‘ಶ’ ಥರ ಆಗುತ್ತದೆ. ಅಲ್ಲಿ ತೀರಾ ಟೊಳ್ಳು ಬಿಟ್ಟರೆ ‘ಸ’ ಅಂದಾಗ ಸಿಳ್ಳೆ ಬರುತ್ತದೆ. ಮುಂದಿನ ಹಲ್ಲು ಉದ್ದವಾದರೆ ‘ಫ’ ಹೋಗಿ ‘ವ’ ಕಡೆ ವಾಲುತ್ತದೆ. ಒಟ್ಟು ಎತ್ತರ ಜಾಸ್ತಿ ಕೊಟ್ಟುಬಿಟ್ಟರೆ ಮಾತಾಡುವಾಗಲೇ ಹಲ್ಲು ಟಕ್ ಟಕ್ ಅನ್ನುತ್ತದೆ, ಪ, ಬ, ಮ ಅಕ್ಷರಗಳಿಗೆ ತುಟಿ ಸೇರಿಸಲು ತಿಣುಕಬೇಕಾಗುತ್ತದೆ. ಕೆಳಗಿನ ಸೆಟ್ಟಿನ ಕಥೆ ಇನ್ನೂ ಕಷ್ಟ, ಅದಕ್ಕೆ ಅಂಗುಳದ ಆಸರೆ ಇಲ್ಲ, ನಾಲಿಗೆ ಓಡಾಡಿದಂತೆಲ್ಲ ಅದೂ ಎದ್ದು ಕೂರುತ್ತದೆ. ಅದನ್ನು ಹಾಕಿಕೊಂಡು ಉದ್ದನೆಯ ಡೈಲಾಗ್ ಒಪ್ಪಿಸುವುದು ಸಡಿಲ ಚಪ್ಪಲಿಯಲ್ಲಿ ಓಡಿದ ಹಾಗೆ, ಅರ್ಧ ಗಮನ ಕಾಲಿನ ಕಡೆಗೇ ಇರುತ್ತದೆ.

ಸಾಮಾನ್ಯ ಜನಕ್ಕೆ ಡಾಕ್ಟರ್ ಹೇಳುವ ಮಾತು, ‘ಸ್ವಲ್ಪ ದಿನ, ನಾಲಿಗೆ ಹೊಂದಿಕೊಳ್ಳುತ್ತೆ’. ನಿಜವೇ, ಕೆಲವು ವಾರಗಳಲ್ಲಿ ಬಹುಪಾಲು ಹೊಂದಿಕೊಳ್ಳುತ್ತದೆ. ಆದರೆ ನಾಟಕಕ್ಕೆ ತಾರೀಖು ಇರುತ್ತದೆ. ನಾಲಿಗೆ ಹೊಂದಿಕೊಳ್ಳುವ ತನಕ ಪ್ರೇಕ್ಷಕರು ಕಾಯುವುದಿಲ್ಲ.

ಇಲ್ಲೊಂದು ನಮ್ಮದೇ ವಿಷಯ ಇದೆ. ಇಂಗ್ಲಿಷ್ ಪಠ್ಯಗಳು ಸೆಟ್ಟು ಪರೀಕ್ಷೆ ಮಾಡಲು ಮುಖ್ಯವಾಗಿ ‘ಸ’ ‘ಫ’ ಥರದ ಸದ್ದುಗಳನ್ನು ಹೇಳಿಸುತ್ತವೆ. ಕನ್ನಡದಲ್ಲಿ ಮಾತು ಮಾತಿಗೂ ಳ, ಣ, ಡ ಬರುತ್ತವೆ, ಅವು ಹುಟ್ಟುವುದು ಸರಿಯಾಗಿ ಆ ತಟ್ಟೆ ಮುಚ್ಚುವ ಜಾಗದಲ್ಲಿ. ಹಾಗಾಗಿ ಸೆಟ್ಟನ್ನು ಇನ್ನೂ ಮೇಣದಲ್ಲಿ ಜೋಡಿಸಿ ಹಾಕಿ ನೋಡುವ ಟ್ರಯಲ್ ಇರುತ್ತದಲ್ಲ, ಆ ದಿನ ಕನ್ನಡಿಯಲ್ಲಿ ನಕ್ಕು ‘ಚೆನ್ನಾಗಿದೆ’ ಅಂತ ಎದ್ದು ಬರಬೇಡಿ. ‘ಬೆಳ್ಳುಳ್ಳಿ’, ‘ಹಣ್ಣಿನ ಬಳ್ಳಿ’, ‘ಸಾಸಿವೆ ಸಾರು’, ‘ಕಾಫಿ ಪುಡಿ’ ಅನ್ನಿ. ಆಮೇಲೆ ನಿಮ್ಮ ಪಾತ್ರದ ಅತಿ ಕಷ್ಟದ ಮಾತು, ವೇದಿಕೆ ಮೇಲೆ ಹೇಳುವ ವೇಗದಲ್ಲಿ, ಅದೇ ದನಿಯಲ್ಲಿ. ಕ್ಲಿನಿಕ್‌ನಲ್ಲಿ ಕೂತವರು ತಿರುಗಿ ನೋಡುತ್ತಾರೆ, ನೋಡಲಿ. ಮೇಣದ ಹಂತದಲ್ಲಿ ಹಲ್ಲನ್ನು ಹಿಂದೆ ಮುಂದೆ ಸರಿಸುವುದು ನಿಮಿಷಗಳ ಕೆಲಸ. ಪ್ಲಾಸ್ಟಿಕ್ ಆಗಿ ಗಟ್ಟಿಯಾದ ಮೇಲೆ ಉಜ್ಜುವುದು, ಮತ್ತೆ ಮಾಡಿಸುವುದು, ಜಗಳ ಇಷ್ಟೇ ಉಳಿಯುತ್ತದೆ.

ನಾಲಿಗೆ ಎಲ್ಲಿ ತಾಗುತ್ತಿದೆ ಅಂತ ಕಣ್ಣಾರೆ ನೋಡುವ ಹಳೆಯ ಉಪಾಯ ಒಂದಿದೆ. ತಟ್ಟೆಯ ಮೇಲೆ ತೆಳ್ಳಗೆ ಪುಡಿ ಉದುರಿಸಿ ಬಾಯಲ್ಲಿಟ್ಟು ಒಂದು ಅಕ್ಷರ ಹೇಳಿಸುತ್ತಾರೆ, ನಾಲಿಗೆ ತಾಗಿದ ಕಡೆ ಪುಡಿ ಒರೆಸಿ ಹೋಗಿರುತ್ತದೆ. ಎಲ್ಲಿ ದಪ್ಪ ಇಳಿಸಬೇಕು, ಎಲ್ಲಿ ತುಂಬಬೇಕು ಅನ್ನೋದು ಅಲ್ಲೇ ಕಾಣುತ್ತದೆ. ಅಂಗುಳದ ಮುಂಭಾಗದಲ್ಲಿ ನಮಗೆಲ್ಲ ಗೀರು ಗೀರಾದ ಉಬ್ಬುಗಳಿರುತ್ತವೆ, ನಾಲಿಗೆಗೆ ಅದೇ ಗುರುತು. ನುಣ್ಣಗೆ ಪಾಲಿಶ್ ಮಾಡಿದ ತಟ್ಟೆಯಲ್ಲಿ ಆ ಗುರುತು ಇರುವುದಿಲ್ಲ. ಕೇಳಿದರೆ ತಟ್ಟೆಯ ಮೇಲೂ ಅಂಥ ಗೀರು ಮೂಡಿಸಿ ಕೊಡುತ್ತಾರೆ. ದಪ್ಪವೇ ತೊಂದರೆ ಅನ್ನೋದಾದರೆ ಲೋಹದ ತಟ್ಟೆ ಇದೆ, ಅದನ್ನು ಅರ್ಧ ಮಿಲಿಮೀಟರ್‌ನಷ್ಟು ತೆಳುವಾಗಿ ಮಾಡಬಹುದು. ದುಡ್ಡು ಜಾಸ್ತಿ, ಆದರೆ ಮಾತಿನ ಮೇಲೆ ಬದುಕುವವರಿಗೆ ಆ ವ್ಯತ್ಯಾಸ ದೊಡ್ಡದು.

ಹಾಡುವವರಿಗೆ ಇನ್ನೊಂದು ತೊಡಕು. ದನಿ ಎಲ್ಲಿ ಕೂತಿದೆ ಅಂತ ಗಾಯಕರು ತಲೆಯಲ್ಲಿ, ಅಂಗುಳದಲ್ಲಿ ಆಗುವ ಕಂಪನದಿಂದಲೂ ತಿಳಿದುಕೊಳ್ಳುತ್ತಾರೆ. ಅಂಗುಳ ಪೂರ್ತಿ ಮುಚ್ಚಿದರೆ ಕೇಳುವವರಿಗೆ ಅಷ್ಟು ವ್ಯತ್ಯಾಸ ಗೊತ್ತಾಗದೇ ಇರಬಹುದು, ಹಾಡುವವರಿಗೆ ಮಾತ್ರ ತಮ್ಮ ದನಿ ತಮಗೇ ಬೇರೆ ಅನ್ನಿಸುತ್ತದೆ. ಇಂಪ್ಲಾಂಟ್, ಅಂದರೆ ದವಡೆಯ ಎಲುಬಿಗೆ ಕೂರಿಸುವ ತಿರುಪು, ಅದರ ಮೇಲೆ ಹಲ್ಲು ಕೂರಿಸಿದರೆ ಅಂಗುಳ ಮುಚ್ಚದೆಯೂ ಕೆಲಸ ಆಗುತ್ತದೆ, ಆದರೆ ಎಲುಬು ಕೂಡಿಕೊಳ್ಳಲು ಸಾಮಾನ್ಯವಾಗಿ 3ರಿಂದ 6 ತಿಂಗಳು ಬೇಕು.

ಒಂದೆರಡು ಹಲ್ಲಿಗೆ ಕ್ಯಾಪ್ ಹಾಕಿಸುವವರೂ ಇದೇ ಎಚ್ಚರ ಇಟ್ಟುಕೊಳ್ಳಬೇಕು. ಮೊದಲು ತಾತ್ಕಾಲಿಕ ಕ್ಯಾಪ್ ಹಾಕುತ್ತಾರಲ್ಲ, ಅದನ್ನು ಹಾಕಿಕೊಂಡೇ ರಿಹರ್ಸಲ್ ಮಾಡಿ. ಮಾತು ಸರಿ ಬಂತು ಅನ್ನಿಸಿದ ಮೇಲೆ ಅದೇ ಆಕಾರವನ್ನು ನಕಲು ಮಾಡಿ ಕೊನೆಯ ಕ್ಯಾಪ್ ಮಾಡಿ ಅಂತ ಕೇಳಿ. ಮುಂದಿನ ಹಲ್ಲಿನ ನಡುವೆ ಚಿಕ್ಕಂದಿನಿಂದ ಸಂದು ಇದ್ದು, ಈಗ ಟಿವಿಯಲ್ಲಿ ಪಾತ್ರ ಸಿಕ್ಕಿತು ಅಂತ ಮುಚ್ಚಿಸಲು ಓಡುವವರಿಗೂ ಇದೇ ಮಾತು. ಅಂಟು ಹಾಕದೆ ಬರೀ ಫಿಲ್ಲಿಂಗ್ ಸಾಮಾನನ್ನು ಸಂದಿಗೆ ಕೂರಿಸಿ ಹಾಡಿಸಿ, ಮಾತಾಡಿಸಿ ನೋಡಬಹುದು. ಸರಿ ಬಾರದಿದ್ದರೆ ಕಿತ್ತು ಬಿಸಾಡಿದರಾಯಿತು, ಹಲ್ಲಿಗೆ ಏನೂ ಆಗಿರುವುದಿಲ್ಲ.

ಕಂಪನಿ ನಾಟಕದ ಕಾಲದಲ್ಲಿ ಕೊನೆಯ ಸಾಲಿಗೆ ದನಿ ಮುಟ್ಟಿದರೆ ಗೆದ್ದಂತೆ. ಈಗ ಕೆನ್ನೆಗೆ ಅಂಟಿಸಿದ ಮೈಕು ತುಟಿಯ ಪಕ್ಕದಲ್ಲೇ ಇರುತ್ತದೆ. ‘ಸ’ಕಾರದ ಸಣ್ಣ ಸಿಳ್ಳೆಯನ್ನೂ ಅದು ಹಿಡಿದು ಸ್ಪೀಕರ್‌ಗೆ ಹಾಕುತ್ತದೆ.

ಊದುವವರ ತುಟಿಯ ಹಿಂದೆ

ಮೈಸೂರು ಅರಮನೆ ಬ್ಯಾಂಡಿಗೆ ದೊಡ್ಡ ಇತಿಹಾಸ ಇದೆ. ಕದ್ರಿ ಗೋಪಾಲನಾಥ್ ಸ್ಯಾಕ್ಸೋಫೋನಿಗೆ ಮರುಳಾಗಿದ್ದು ಇದೇ ಬ್ಯಾಂಡನ್ನು ಕೇಳಿ. ಹೀಗಾಗಿ ಊದುವವರ ಹಲ್ಲಿನ ವಿಷಯ ನಮ್ಮೂರಿಗೆ ಹೊಸದಾಗಿರಬಾರದು, ಆದರೆ ಇದರ ಬಗ್ಗೆ ಇಲ್ಲಿ ಯಾರೂ ಮಾತಾಡಿದ್ದು ನಾನಂತೂ ಕೇಳಿಲ್ಲ.

ಊದುವ ವಾದ್ಯಗಳೆಲ್ಲ ಬಾಯಿಗೆ ಒಂದೇ ಥರ ಅಲ್ಲ. 1939ರಲ್ಲಿ ಎಡ್ವರ್ಡ್ ಸ್ಟ್ರೇಯರ್ ಅನ್ನುವ ಹಲ್ಲಿನ ಡಾಕ್ಟರ್ ಇವನ್ನು ನಾಲ್ಕು ಗುಂಪು ಮಾಡಿದರು, ಇವತ್ತಿಗೂ ಅದನ್ನೇ ಬಳಸುತ್ತಾರೆ. ಟ್ರಂಪೆಟ್ ಥರದ ಹಿತ್ತಾಳೆ ವಾದ್ಯಗಳಲ್ಲಿ ಬಟ್ಟಲಿನಂಥ ಬಾಯಿಯನ್ನು ತುಟಿಯ ಮೇಲೆ ಒತ್ತಬೇಕು, ಆ ಒತ್ತಡ ತುಟಿ ದಾಟಿ ಮುಂದಿನ ಹಲ್ಲಿಗೆ ಹೋಗುತ್ತದೆ. ಕ್ಲಾರಿನೆಟ್, ಸ್ಯಾಕ್ಸೋಫೋನಿನಲ್ಲಿ ಮೇಲಿನ ಹಲ್ಲು ವಾದ್ಯದ ಮೂತಿಯ ಮೇಲೆ ಕೂರುತ್ತದೆ, ಕೆಳದುಟಿಯನ್ನು ಕೆಳಗಿನ ಹಲ್ಲಿನ ಮೇಲೆ ಮಡಚಿಕೊಳ್ಳಬೇಕು. ಎರಡು ನಾಲಿಗೆಯ ಪೀಪಿ ಇರುವ ವಾದ್ಯಗಳದು ಮೂರನೇ ಗುಂಪು, ನಮ್ಮ ನಾದಸ್ವರ, ಶಹನಾಯಿಗಳನ್ನು ಇದರಲ್ಲಿ ಇಡಬಹುದು. ಕೊಳಲು ನಾಲ್ಕನೆಯದು, ಅಲ್ಲಿ ಹಲ್ಲಿಗೆ ಭಾರ ಇಲ್ಲ, ತುಟಿಯ ಸಣ್ಣ ಸಂದಿನದೇ ಎಲ್ಲ ಆಟ.

ಊದಿ ಊದಿ ಹಲ್ಲು ಉಬ್ಬುತ್ತಾ? ಮಕ್ಕಳಿಗೆ ಸ್ಯಾಕ್ಸೋಫೋನ್ ಕಲಿಸುವ ತಂದೆ ತಾಯಿ ಕೇಳುವ ಮೊದಲ ಪ್ರಶ್ನೆ ಇದು. ಕ್ಲಾರಿನೆಟ್, ಸ್ಯಾಕ್ಸೋಫೋನು ಮೇಲಿನ ಹಲ್ಲನ್ನು ಮುಂದಕ್ಕೆ, ಕೆಳಗಿನದನ್ನು ಹಿಂದಕ್ಕೆ ತಳ್ಳುವುದು ನಿಜ. ಆದರೆ ಹಲ್ಲು ಸರಿಯಬೇಕಾದರೆ ದಿನಕ್ಕೆ ಸುಮಾರು 6 ಗಂಟೆಯಾದರೂ ಒತ್ತಡ ಬೀಳುತ್ತಲೇ ಇರಬೇಕು ಅನ್ನೋದು ಕ್ಲಿಪ್ ಹಾಕುವ ಡಾಕ್ಟರುಗಳ ಲೆಕ್ಕ. ದಿನಕ್ಕೆ ಒಂದು ಗಂಟೆ ಪ್ರಾಕ್ಟೀಸ್ ಮಾಡುವ ಮಗುವಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ವಸಡು ಹಾಳಾಗಿರುವ ದೊಡ್ಡವರ ಬಗ್ಗೆ ಮಾತ್ರ ಚಿಂತೆ ಮಾಡಬೇಕು. ವಸಡಿನ ರೋಗದಲ್ಲಿ ಹಲ್ಲನ್ನು ಹಿಡಿದ ಎಲುಬು ಕರಗಿರುತ್ತದೆ, ಅಂಥ ಹಲ್ಲು ಸಣ್ಣ ಒತ್ತಡಕ್ಕೂ ಜರುಗುತ್ತದೆ, ನಡುವೆ ಸಂದು ಬೀಳುತ್ತದೆ. ನೋವು ಇರುವುದಿಲ್ಲ. ಉಜ್ಜುವಾಗ ರಕ್ತ ಬರುತ್ತದೆ ಅಷ್ಟೇ, ಅದನ್ನು ನಮ್ಮವರು ‘ಬ್ರಷ್ ಚುಚ್ಚಿತು’ ಅಂತ ಬಿಟ್ಟುಬಿಡುತ್ತಾರೆ. ಊದುವವರು ವರ್ಷಕ್ಕೆರಡು ಸಲ ಹಲ್ಲು ಕ್ಲೀನ್ ಮಾಡಿಸಿ, ವಸಡು ತೋರಿಸಿದರೆ ಅರ್ಧ ಕಷ್ಟ ಅಲ್ಲೇ ಮುಗಿಯುತ್ತದೆ. ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತದೆ ಅನ್ನೋ ಮಾತು ಇದೆಯಲ್ಲ, ಅದು ಸುಳ್ಳು. ಸಡಿಲ ಮೊದಲೇ ಆಗಿರುತ್ತದೆ, ಕಿಟ್ಟ ಅದನ್ನು ಮುಚ್ಚಿಟ್ಟಿರುತ್ತದೆ.

ಕೆಳದುಟಿಯ ಒಳಗೆ ಹಲ್ಲಿನ ಗುರುತು ಬಿದ್ದು ಹುಣ್ಣಾಗುವುದು ಸ್ಯಾಕ್ಸೋಫೋನಿನವರ ಮಾಮೂಲಿ ಗೋಳು. ಚೂಪಾದ ಅಂಚನ್ನು ಡಾಕ್ಟರ್ ಸ್ವಲ್ಪವೇ ನುಣುಪು ಮಾಡಬಹುದು, ಇಲ್ಲವೇ ಕೆಳಗಿನ ಹಲ್ಲಿಗೆ ತೆಳ್ಳನೆಯ ಪ್ಲಾಸ್ಟಿಕ್ ಕವಚ ಮಾಡಿ ಕೊಡಬಹುದು. ಉಜ್ಜುವ ಮುಂಚೆ ವಾದ್ಯ ತಂದು, ಡಾಕ್ಟರ್ ಎದುರು ಊದಿ ತೋರಿಸಿ. ಯಾವ ಹಲ್ಲು ಎಲ್ಲಿ ಚುಚ್ಚುತ್ತದೆ ಅಂತ ಬಾಯಲ್ಲಿ ಹೇಳಿದರೆ ಅವರಿಗೆ ಅರ್ಥವಾಗುವುದಿಲ್ಲ.

ಓಲಗದವರ ಸೀವಾಳಿ, ಅಂದರೆ ನಾದಸ್ವರದ ತುದಿಗೆ ಸಿಕ್ಕಿಸುವ ಪೀಪಿ, ಅದರ ಬಗ್ಗೆ ಒಂದು ಮಾತು. ಎಂಜಲಲ್ಲಿ ನೆನೆದ ಅದನ್ನು ಹಸಿಯಾಗೇ ಡಬ್ಬಿಗೆ ಹಾಕಿ ಮುಚ್ಚಿಟ್ಟರೆ ಬೂಸ್ಟು ಹಿಡಿಯುತ್ತದೆ. ಒಣಗಿಸಿ ಇಡಬೇಕು. ತುಟಿಯ ಮೇಲೆ ನೀರುಗುಳ್ಳೆ ಎದ್ದಾಗ ಶಿಷ್ಯನ ಸೀವಾಳಿಯಲ್ಲಿ ಗುರು, ಗುರುವಿನದರಲ್ಲಿ ಶಿಷ್ಯ ಊದಬಾರದು. ಅದು ಅಂಟುವ ವೈರಸ್ಸು.

ವಯಸ್ಸಾಗಿ ಮುಂದಿನ ಹಲ್ಲು ಬಿದ್ದ ಊದುವವರ ಕಷ್ಟ ನಿಜಕ್ಕೂ ದೊಡ್ಡದು, ಯಾಕೆಂದರೆ ತುಟಿಗೆ ಹಿಂದಿನಿಂದ ಆಸರೆ ಕೊಡುತ್ತಿದ್ದುದೇ ಆ ಹಲ್ಲು. ತೆಗೆದು ಹಾಕುವ ಸೆಟ್ಟು ಗಾಳಿಯ ಒತ್ತಡಕ್ಕೆ ಎದ್ದುಬಿಡುತ್ತದೆ. ಸಾಧ್ಯವಾದರೆ ಬ್ರಿಡ್ಜ್ ಅಥವಾ ಇಂಪ್ಲಾಂಟ್ ಥರ ಕದಲದ ಹಲ್ಲೇ ಮೇಲು. ಹಳೆಯ ಹಲ್ಲು ಎಲ್ಲಿತ್ತೋ ಅಲ್ಲೇ, ಅದೇ ಓರೆಯಲ್ಲಿ ಹೊಸದು ಬರಬೇಕು. ಓರೆಯಾಗಿದ್ದ ಹಲ್ಲನ್ನು ‘ನೀಟಾಗಿ’ ನೇರ ಮಾಡಿ ಕೊಟ್ಟರೆ ನೋಡೋಕೆ ಚೆನ್ನ, ಊದೋಕೆ ಬಾರದು. ಹಾಗಾದರೆ ಹಳೆಯದು ಹೇಗಿತ್ತು ಅಂತ ಯಾರಿಗೆ ನೆನಪಿರುತ್ತದೆ? ಇದಕ್ಕೊಂದು ದಾರಿ ಇದೆ, ಕೊನೆಯಲ್ಲಿ ಹೇಳುತ್ತೇನೆ.

ಪಿಟೀಲಿನವರಿಗೆ ಒಂದು ಸಮಾಧಾನ. ಪಶ್ಚಿಮದ ಶೈಲಿಯಲ್ಲಿ ವಾದ್ಯವನ್ನು ದವಡೆಗೂ ಭುಜಕ್ಕೂ ನಡುವೆ ಒತ್ತಿ ಹಿಡಿಯುವುದರಿಂದ ಅಲ್ಲಿನವರಿಗೆ ದವಡೆ ಕೀಲಿನ ನೋವು ಸಾಮಾನ್ಯ. ನಮ್ಮವರು ಚಕ್ಕಳಮಕ್ಕಳ ಹಾಕಿ ಕೂತು ಪಿಟೀಲಿನ ತಲೆಯ ತುದಿಯನ್ನು ಪಾದದ ಮೇಲೆ ಇಟ್ಟುಕೊಳ್ಳುತ್ತಾರೆ. ಏಳು ತಂತಿಯ ಪಿಟೀಲು ನುಡಿಸಿದ ಮೈಸೂರು ಚೌಡಯ್ಯನವರ ಊರಿನಲ್ಲಿ ದವಡೆಯ ಗೋಳು ಕಡಿಮೆ, ಮಂಡಿಯ ಗೋಳು ಎಷ್ಟಿದೆಯೋ ಅದು ನನ್ನ ವಿಷಯ ಅಲ್ಲ.

ಕಲ್ಲುಸಕ್ಕರೆ, ಹುಳಿತೇಗು, ಎಲೆ ಅಡಿಕೆ

ಗಾಯಕರ ಚೀಲದಲ್ಲಿ ಕಲ್ಲುಸಕ್ಕರೆ, ಲವಂಗದ ಡಬ್ಬಿ ಇದ್ದೇ ಇರುತ್ತದೆ. ಗಂಟಲಿಗೆ ಹಿತ, ನಿಜ. ಹಲ್ಲಿಗೆ ಮಾತ್ರ ಇದಕ್ಕಿಂತ ಕೆಟ್ಟ ಅಭ್ಯಾಸ ಹುಡುಕುವುದು ಕಷ್ಟ. ಸಕ್ಕರೆ ಬಾಯಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಹಲ್ಲಿನ ಪಾಚಿಯಲ್ಲಿರುವ ಬ್ಯಾಕ್ಟೀರಿಯಾ ಅದನ್ನು ಆಮ್ಲ ಮಾಡುತ್ತದೆ. ಹುಳಿಯ ಅಳತೆಯಾದ ಪಿಎಚ್ (ಇಳಿದಷ್ಟೂ ಹುಳಿ ಜಾಸ್ತಿ) ಸುಮಾರು 5.5ಕ್ಕಿಂತ ಕೆಳಗೆ ಇಳಿದರೆ ಹಲ್ಲಿನ ಮೇಲ್ಪದರ ಕರಗಲು ಶುರು. ಜೊಲ್ಲು ಅದನ್ನು ತೊಳೆದು ಸರಿ ಮಾಡಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಅಷ್ಟರಲ್ಲಿ ಇನ್ನೊಂದು ಹರಳು ಬಾಯಿಗೆ ಹೋಗಿರುತ್ತದೆ. ಎಷ್ಟು ಸಕ್ಕರೆ ತಿಂದಿರಿ ಅನ್ನೋದಕ್ಕಿಂತ ಎಷ್ಟು ಸಲ ತಿಂದಿರಿ ಅನ್ನೋದು ಇಲ್ಲಿ ಮುಖ್ಯ. ಒಂದು ದೊಡ್ಡ ಹೋಳಿಗೆಯನ್ನು ಊಟದ ಜೊತೆ ಮುಗಿಸಿಬಿಟ್ಟವರು, ಮೂರು ಗಂಟೆ ಕಲ್ಲುಸಕ್ಕರೆ ಚಪ್ಪರಿಸಿದವರಿಗಿಂತ ಕ್ಷೇಮ. ಸಕ್ಕರೆ ನಾಡು ಮಂಡ್ಯದವರಿಗೆ ಇದನ್ನು ಹೇಳೋಕೆ ನನಗೂ ಸಂಕೋಚ, ಬೆಲ್ಲ ಆದರೆ ಪರವಾಗಿಲ್ವಾ ಅಂತ ಕೇಳಬೇಡಿ, ಬ್ಯಾಕ್ಟೀರಿಯಾಗೆ ಎರಡೂ ಒಂದೇ. ಬರೀ ಲವಂಗ, ಸಕ್ಕರೆ ಇಲ್ಲದ ಮಿಠಾಯಿ, ಬೆಚ್ಚಗಿನ ನೀರು, ಇವು ಸಾಕು.

ಜೊಲ್ಲು ಇದ್ದರೆ ತಾನೇ ತೊಳೆಯೋದು. ವೇದಿಕೆ ಹತ್ತುವ ಮುಂಚಿನ ಭಯಕ್ಕೆ ಬಾಯಿ ಒಣಗುತ್ತದೆ, ನೆಗಡಿ ಮಾತ್ರೆಗಳಿಂದಲೂ ಒಣಗುತ್ತದೆ. ಗುಟುಕು ಗುಟುಕು ನೀರು ಕುಡಿಯುತ್ತಿರಬೇಕು.

ಎರಡನೆಯದು ಹುಳಿತೇಗು. ಕಚೇರಿಗೆ ಮುಂಚೆ ಹೊಟ್ಟೆ ತುಂಬ ಉಣ್ಣುವ ಹಾಗಿಲ್ಲ. ಮುಗಿದ ಮೇಲೆ ರಾತ್ರಿ ಹನ್ನೊಂದಕ್ಕೆ ಭರ್ತಿ ಊಟ, ತಕ್ಷಣ ಮಲಗುವುದು. ಹೊಟ್ಟೆಯ ಆಮ್ಲ ಮೇಲೆ ಬರುತ್ತದೆ. ದನಿಪೆಟ್ಟಿಗೆಗೆ ಅದು ಕೆಟ್ಟದ್ದು ಅಂತ ಗಾಯಕರಿಗೆ ಗೊತ್ತು, ಹಲ್ಲಿನ ವಿಷಯ ಗೊತ್ತಿರುವುದಿಲ್ಲ. ಮೇಲಿನ ಮುಂದಿನ ಹಲ್ಲುಗಳ ಹಿಂಬದಿ, ಅಂದರೆ ನಾಲಿಗೆ ಕಡೆಯ ಮುಖ, ಸವೆದು ನುಣ್ಣಗಾಗುತ್ತದೆ. ಕನ್ನಡಿಯಲ್ಲಿ ಕಾಣದ ಜಾಗ. ಎಷ್ಟೋ ಸಲ ಎದೆಯುರಿ ಇಲ್ಲದವರಿಗೂ ಹುಳಿ ಮೇಲೆ ಬರುತ್ತಿದೆ ಅನ್ನೋದನ್ನು ಮೊದಲು ಕಂಡುಹಿಡಿಯುವುದು ಹಲ್ಲಿನ ಡಾಕ್ಟರೇ. ಹುಳಿ ಬಂದ ತಕ್ಷಣ ಬ್ರಷ್ ಮಾಡಬೇಡಿ, ಮೆತ್ತಗಾದ ಪದರವನ್ನು ನೀವೇ ಉಜ್ಜಿ ತೆಗೆದಂತೆ ಆಗುತ್ತದೆ. ನೀರಲ್ಲಿ ಬಾಯಿ ಮುಕ್ಕಳಿಸಿ, ಅರ್ಧ ಗಂಟೆಯಾದರೂ ಬಿಟ್ಟು ಉಜ್ಜಿ.

ಮೂರನೆಯದನ್ನು ಹೇಳಿದರೆ ಸಿಟ್ಟಾಗುವವರಿದ್ದಾರೆ. ಮೈಸೂರು ವೀಳ್ಯದೆಲೆ ನಮ್ಮ ಹೆಮ್ಮೆ, ಇರಲಿ. ಎಲೆಯ ಬಗ್ಗೆ ನನ್ನ ತಕರಾರಿಲ್ಲ. ಗ್ರೀನ್‌ರೂಮಿನಲ್ಲಿ ನಿದ್ದೆ ಓಡಿಸಲು ರಾತ್ರಿಯೆಲ್ಲ ಅಗಿಯುವ ಅಡಿಕೆ, ಅದಕ್ಕೆ ಸೇರುವ ಹೊಗೆಸೊಪ್ಪು, ಈಗಿನ ಸ್ಯಾಚೆಟ್‌ಗಳು, ಇವುಗಳ ಬಗ್ಗೆ ಇದೆ. ಅಡಿಕೆಯಿಂದ ಕೆನ್ನೆಯ ಒಳಪದರ ನಾರು ನಾರಾಗಿ ಗಟ್ಟಿಯಾಗುತ್ತದೆ. ಮೊದಲು ಖಾರ ತಿಂದರೆ ಉರಿ, ಆಮೇಲೆ ಕೆನ್ನೆ ಬಿಳುಚಿ ಬಿಗಿಯುತ್ತದೆ, ಕೊನೆಗೆ ಬಾಯಿ ಪೂರ್ತಿ ತೆರೆಯಲು ಬರುವುದಿಲ್ಲ. ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಮುಂದಿನ ಹಲ್ಲುಗಳ ನಡುವೆ ಇಡಲು ಬಂದರೆ ಬಾಯಿ ಸರಿಯಾಗಿ ತೆರೆಯುತ್ತಿದೆ ಅಂತ ಅಂದಾಜು. ಎರಡೇ ಬೆರಳು ಹೋಗುತ್ತಿದ್ದರೆ ಅವತ್ತೇ ತೋರಿಸಿ. ಬಾಯಿ ತೆರೆಯದ ಗಾಯಕನ ಅಕಾರ ಹೇಗಿರುತ್ತದೆ ಅಂತ ನಾನು ಹೇಳಬೇಕಿಲ್ಲ. ಹೊಗೆಸೊಪ್ಪು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ಒಮ್ಮೆ ಗಟ್ಟಿಯಾದ ಕೆನ್ನೆ ಮೊದಲಿನಂತೆ ಆಗುವುದಿಲ್ಲ, ಬಿಟ್ಟರೆ ಮುಂದುವರಿಯುವುದು ನಿಲ್ಲಬಹುದು.

ಬೆಳಕಿನಲ್ಲಿ ಕಾಣೋ ಹಲ್ಲು, ಬಣ್ಣ ಹಚ್ಚೋ ಹಲ್ಲು

ನಟರು ಮೊದಲು ಕೇಳುವುದು ಬಿಳುಪು. ನನ್ನ ಅಭಿಪ್ರಾಯ ಕೇಳಿದರೆ, ಅತಿ ಬಿಳುಪು ಮಾಡಿಸಿಕೊಂಡ ನಟ ತನ್ನ ಪಾತ್ರಗಳನ್ನು ತಾನೇ ಕಡಿಮೆ ಮಾಡಿಕೊಳ್ಳುತ್ತಾನೆ. ಮದ್ದೂರಿನ ಕಬ್ಬಿನ ಗದ್ದೆಯ ರೈತನ ಪಾತ್ರ, ಬಾಯಿ ಬಿಟ್ಟರೆ ಟೂತ್‌ಪೇಸ್ಟ್ ಜಾಹೀರಾತು. ಬ್ಲೀಚ್ ಮಾಡಿದ ಹಲ್ಲು ನಿಧಾನಕ್ಕೆ ಮತ್ತೆ ಬಣ್ಣ ತಿರುಗುತ್ತದೆ, ವೆನೀರ್ ಹಾಗಲ್ಲ. ಅರ್ಧ ಮಿಲಿಮೀಟರ್ ಆಸುಪಾಸಿನ ಪಿಂಗಾಣಿ ಪದರ ಅಂಟಿಸಲು ಬಹಳಷ್ಟು ಸಲ ಹಲ್ಲಿನ ಮೇಲ್ಪದರವನ್ನು ತೆಳ್ಳಗೆ ಉಜ್ಜುತ್ತಾರೆ. ಉಜ್ಜಿದ್ದು ಮತ್ತೆ ಬೆಳೆಯುವುದಿಲ್ಲ.

ಬಣ್ಣ ಆರಿಸುವಾಗ ವೇದಿಕೆಯ ಬೆಳಕನ್ನು ಮರೆಯಬಾರದು. ಹಗಲಲ್ಲಿ ಪಕ್ಕದ ಹಲ್ಲಿಗೆ ಸರಿಯಾಗಿ ಹೊಂದಿದ ಕ್ಯಾಪು ಹಳದಿ ಬೆಳಕಿನಲ್ಲಿ ಬೇರೆಯಾಗಿ ಕಾಣಬಹುದು. ಇನ್ನೂ ಮಜಾ ಅಂದರೆ ಡಾನ್ಸ್ ಶೋಗಳ ನೇರಳೆ ಬೆಳಕು. ಅದರಲ್ಲಿ ನಿಜವಾದ ಹಲ್ಲು ನೀಲಿ ಬಿಳುಪಿನಲ್ಲಿ ಹೊಳೆಯುತ್ತದೆ, ಆ ಗುಣ ಇಲ್ಲದ ಸಾಮಾನಿನಲ್ಲಿ ಮಾಡಿದ ಕ್ಯಾಪು ಕಪ್ಪಗೆ, ಹಲ್ಲೇ ಇಲ್ಲದ ಹಾಗೆ ಕಾಣುತ್ತದೆ. ಆ ಗುಣ ಇರುವ ಪಿಂಗಾಣಿಗಳೂ ಇವೆ, ಮೊದಲೇ ಹೇಳಿದರೆ ಅದನ್ನೇ ಹಾಕುತ್ತಾರೆ. ಬಣ್ಣ ನೋಡುವ ಕೆಲಸ ಬಾಯಿ ತೆರೆದ ಕೂಡಲೇ ಆಗಬೇಕು. ಹಲ್ಲು ಒಣಗುತ್ತಾ ಹೋದಂತೆ ಬಿಳುಚುತ್ತದೆ, ಆಗ ಆರಿಸಿದ ಬಣ್ಣ ತಪ್ಪಾಗುತ್ತದೆ.

ರಾಕ್ಷಸ ಪಾತ್ರದ ಕೋರೆಹಲ್ಲನ್ನು ದಿಢೀರ್ ಗಮ್ಮಿನಲ್ಲಿ ಅಂಟಿಸಿಕೊಳ್ಳುವ ಸಾಹಸ ದಯವಿಟ್ಟು ಬೇಡ. ಅದು ಬಾಯಿಗಾಗಿ ಮಾಡಿದ ಅಂಟಲ್ಲ. ವಸಡು ಸುಡುತ್ತದೆ, ಕೀಳುವಾಗ ಹಲ್ಲಿನ ಚೂರೂ ಬರಬಹುದು. ನಿಮ್ಮ ಹಲ್ಲಿನ ಅಳತೆ ತೆಗೆದು, ಮೇಲೆ ಕಚ್ಚಿ ಕೂರುವಂಥ ತೆಳ್ಳನೆ ಕವಚಕ್ಕೆ ಕೋರೆ ಜೋಡಿಸಿ ಕೊಡುವುದು ಯಾವ ಹಲ್ಲಿನ ಲ್ಯಾಬಿಗೂ ದೊಡ್ಡ ಕೆಲಸ ಅಲ್ಲ. ಒಂದು ಸಲ ಮಾಡಿಸಿದರೆ ತುಂಬಾ ಸೀಸನ್ ಬರುತ್ತದೆ. ಅದನ್ನು ಹಾಕಿಕೊಂಡು ಪದ್ಯ ಹಾಡಿ ನೋಡುವುದು ಮಾತ್ರ ಮರೆಯಬೇಡಿ.

ತಾರೀಖು ನೋಡಿಕೊಂಡು

ಕಾರ್ಯಕ್ರಮದ ಹಿಂದಿನ ದಿನ ‘ಸಣ್ಣ ಕೆಲಸ ಅಲ್ವಾ, ಮಾಡಿಸಿಬಿಡೋಣ’ ಅಂದುಕೊಳ್ಳುವವರು ಇದ್ದೇ ಇರುತ್ತಾರೆ. ಕೆಳದವಡೆಯ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರೆ ತುಟಿ, ನಾಲಿಗೆಯ ಅರ್ಧ ಭಾಗ 3ರಿಂದ 5 ಗಂಟೆ ಸ್ವಾಧೀನದಲ್ಲಿ ಇರುವುದಿಲ್ಲ. ಬುದ್ಧಿಹಲ್ಲು ಕೀಳಿಸಿದರೆ ಊತ ಎರಡನೇ ಮೂರನೇ ದಿನಕ್ಕೆ ಜಾಸ್ತಿಯಾಗುತ್ತದೆ, ಕಡಿಮೆಯಾಗುವುದು ಆಮೇಲೆ. ಮೇಲಿನ ದವಡೆ ಹಲ್ಲಿನ ಬೇರು ಮುಖದೊಳಗಿನ ಸೈನಸ್‌ಗೆ ತೀರಾ ಹತ್ತಿರ ಇರುತ್ತದೆ. ಅದನ್ನು ಕಿತ್ತ ಜಾಗದಲ್ಲಿ ಸೈನಸ್‌ಗೆ ದಾರಿ ಬಿದ್ದಿದ್ದರೆ ಸುಮಾರು ಎರಡು ವಾರ ಜೋರಾಗಿ ಊದುವ ಹಾಗೇ ಇಲ್ಲ, ಮೂಗು ಸೀನುವ ಹಾಗೂ ಇಲ್ಲ. ದಸರಾಕ್ಕೆ ಊದುವವರು ಹಲ್ಲಿನ ದೊಡ್ಡ ಕೆಲಸವನ್ನು ಆಷಾಢದಲ್ಲೇ ಮುಗಿಸಿಕೊಳ್ಳಲಿ, ಹೇಗೂ ಆಗ ಮದುವೆಗಳಿರುವುದಿಲ್ಲ. ಪೂರ್ತಿ ಪ್ರಜ್ಞೆ ತಪ್ಪಿಸಿ ಮಾಡುವ ಆಪರೇಷನ್ ಆದರೆ ‘ನಾನು ಹಾಡುವವಳು’ ಅಂತ ಅನಸ್ತೇಷಿಯಾ ಡಾಕ್ಟರಿಗೂ ಹೇಳಬೇಕು, ಅವರು ಹಾಕುವ ಕೊಳವೆ ದನಿತಂತುಗಳ ನಡುವೆಯೇ ಹೋಗುತ್ತದೆ.

ಕ್ಲಿಪ್ ಹಾಕಿಸುವ ಹದಿಹರೆಯದವರು ಶುರುವಿನಲ್ಲೇ ತಮ್ಮ ಪರೀಕ್ಷೆ, ರಂಗಪ್ರವೇಶ, ಕಚೇರಿಗಳ ತಾರೀಖು ಕೊಡಲಿ. ಹಲ್ಲಿನ ಹಿಂದೆ ಹಾಕುವ ಕ್ಲಿಪ್ಪು ಹೊರಗೆ ಕಾಣುವುದಿಲ್ಲ, ಆದರೆ ಮಾತಿಗೆ ಜಾಸ್ತಿ ತೊಂದರೆ ಅದರಿಂದಲೇ. ತೆಗೆದು ಹಾಕುವ ಪಾರದರ್ಶಕ ತಟ್ಟೆಗಳನ್ನು ದಿನಕ್ಕೆ 20ರಿಂದ 22 ಗಂಟೆ ಹಾಕಿರಬೇಕು, ಕಾರ್ಯಕ್ರಮದ ಹೊತ್ತಿಗೆ ತೆಗೆಯಬಹುದು. ಎಲ್ಲರ ಹಲ್ಲಿಗೂ ಅದು ಆಗುವುದಿಲ್ಲ, ದುಬಾರಿ ಕೂಡ.

ಭೀಮನ ಗದೆಯೋ, ಕಂಸಾಳೆಯ ಬಟ್ಟಲೋ ಬಾಯಿಗೆ ಬಡಿದು ಇಡೀ ಹಲ್ಲು ಕಿತ್ತು ಬಂತು ಅಂದುಕೊಳ್ಳಿ. ಬೇರು ಮುಟ್ಟದೆ ಬಿಳಿ ಭಾಗ ಹಿಡಿದು ಎತ್ತಿ. ಮಣ್ಣಾಗಿದ್ದರೆ ಒಂದು ಕ್ಷಣ ನೀರಲ್ಲಿ ಅಲುಗಿಸಿ, ಉಜ್ಜಬೇಡಿ. ಆಗುವುದಾದರೆ ಅದೇ ಗುಳಿಗೆ ವಾಪಸ್ ಕೂರಿಸಿ ಬಟ್ಟೆ ಕಚ್ಚಿಕೊಳ್ಳಿ, ಆಗದಿದ್ದರೆ ಹಾಲಿನಲ್ಲಿ ಹಾಕಿ. ಅರ್ಧ ಗಂಟೆಯೊಳಗೆ ಡಾಕ್ಟರ್ ಹತ್ತಿರ ತಲುಪಿದರೆ ಉಳಿಯುವ ಸಾಧ್ಯತೆ ಚೆನ್ನಾಗಿದೆ, ಒಂದು ಗಂಟೆ ದಾಟಿದರೆ ಬಹಳ ಕಡಿಮೆ. ಇದು ಹಾಲುಹಲ್ಲಿಗಲ್ಲ, ದೊಡ್ಡವರ ಹಲ್ಲಿಗೆ.

ಕೊನೆಯಲ್ಲಿ ಹೇಳುತ್ತೇನೆ ಅಂದಿದ್ದೆನಲ್ಲ, ಅದು ಇದು. ಹಲ್ಲು ಚೆನ್ನಾಗಿರುವಾಗಲೇ, ಏನೂ ತೊಂದರೆ ಇಲ್ಲದಾಗಲೇ, ಬಾಯಿಯ ಅಳತೆ ತೆಗೆಸಿ ಪ್ಲಾಸ್ಟರ್ ಅಚ್ಚು ಮಾಡಿಸಿಟ್ಟುಕೊಳ್ಳಿ. ಊದುವವರಿಗಂತೂ ಇದು ಕಡ್ಡಾಯ ಅನ್ನುತ್ತೇನೆ ನಾನು. ಮುಂದೆ ಹಲ್ಲು ಮುರಿದರೆ, ಬಿದ್ದರೆ, ಆ ಅಚ್ಚು ನೋಡಿ ಅದೇ ಉದ್ದ, ಅದೇ ಓರೆ, ಅದೇ ಸಂದು ಇಟ್ಟು ಹೊಸದು ಮಾಡಬಹುದು. ಮೈಸೂರಿನ ಡೆಂಟಲ್ ಕಾಲೇಜುಗಳಲ್ಲಿ ಖಾಸಗಿ ಕ್ಲಿನಿಕ್ಕಿಗಿಂತ ಕಡಿಮೆ ಖರ್ಚಿಗೆ ಆಗುತ್ತದೆ, ಜೆಎಸ್ಎಸ್‌ನಂಥ ಕಡೆ ಹಲ್ಲು ಕಟ್ಟುವವರೂ ಕ್ಲಿಪ್ಪಿನವರೂ ವಸಡಿನವರೂ ಒಂದೇ ಕಟ್ಟಡದಲ್ಲಿ ಸಿಗುತ್ತಾರೆ. ಸಮಯ ಮಾತ್ರ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಈಗ ಕ್ಯಾಮೆರಾದಲ್ಲಿ ಸ್ಕ್ಯಾನ್ ಮಾಡುವ ಕ್ಲಿನಿಕ್‌ಗಳೂ ಇವೆ. ಅಲ್ಲಾದರೆ ಫೈಲನ್ನು ಕೇಳಿ ನಿಮ್ಮ ಮೇಲ್‌ಗೆ ಹಾಕಿಸಿಕೊಳ್ಳಿ. ಪ್ಲಾಸ್ಟರ್ ಅಚ್ಚಾದರೆ ಹೆಸರು, ತಾರೀಖು ಬರೆದು ನೀರು ತಾಗದ ಕಡೆ ಇಡಿ, ಮಕ್ಕಳ ಕೈಗೆ ಸಿಗದ ಹಾಗೆ.